ದೀಪದೆಣ್ಣೆ ಎಂದು ಬರೆದ ಡಬ್ಬಗಳು

1949, ಮಾರ್ಚ್ 12

ಈ ಡೈರಿ ಬಸ್ ಕಂಪನಿಯವರು ಹೊಸ ವರ್ಷಕ್ಕೆ ನಮ್ಮ ಯಜಮಾನರಿಗೆ ಕೊಟ್ಟದ್ದು. ಅವರು ಒಂದಕ್ಷರವನ್ನೂ ಬರೆಯಲಿಲ್ಲ. ‘ಎಂಟನೇ ಕ್ಲಾಸು ಓದಿದವಳು ನೀನು, ನೀನೇ ಬರಿ’ ಅಂತ ನನ್ನ ಪೆಟ್ಟಿಗೆಯೊಳಕ್ಕೆ ಎಸೆದಿದ್ದರು. ಬರೆಯಲು ನನಗೇನಿತ್ತು? ರಾಗಿ ಬೀಸಿದೆ, ಮುದ್ದೆ ತಿರುವಿದೆ ಅಂತಲೇ? ಇವತ್ತು ತೆಗೆದಿದ್ದೇನೆ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಇದ್ದಾರೆ, ಅತ್ತೆ ಇದ್ದಾರೆ. ಆಯಮ್ಮನ ಜೊತೆ ಮಾತಿಗಿಂತ ಇದು ವಾಸಿ.

ಅವರು ಹೋಗಿ ಮೂರು ದಿನವಾಯಿತು. ಬೆಂಗಳೂರಿನ ಪಂದ್ಯ ಹತ್ತಿರ ಬಂತೆಂದು ಬಾಗಲೂರು ರಸ್ತೆಯಲ್ಲಿ ಮೋಟಾರ್ ಸೈಕಲ್ ಓಡಿಸಿ ನೋಡಲು ಹೋಗಿದ್ದರು. ತಿರುವಿನಲ್ಲಿ ಹುಲ್ಲಿನ ಗಾಡಿ ಅಡ್ಡ ಬಂತು. ಎತ್ತುಗಳಿಗೆ ಏನೂ ಆಗಲಿಲ್ಲ. ಅದೇ ಗಾಡಿಯಲ್ಲಿ ಇವರನ್ನು ಮಲಗಿಸಿಕೊಂಡು ಬಂದರು. ನಡುಮನೆಯಲ್ಲಿ ಬೆಳಕಿಂಡಿಯ ಕೆಳಗೆ ಚಾಪೆ ಹಾಸಿದೆವು. ಮಾರನೇ ಮಧ್ಯಾಹ್ನ ಅಲ್ಲೇ ಜೀವ ಹೋಯಿತು. ಆಲಸನತ್ತಂ ಊರಿಗೆ ಊರೇ ಬಂದು ಅತ್ತಿತು. ನನಗೆ ಅಳು ಬರಲಿಲ್ಲ. ಬಾರದ್ದನ್ನು ಎಲ್ಲಿಂದ ತರಲಿ?

ಈಗ ದೀಪದ ರಗಳೆ. ಜೀವ ಹೋದ ಜಾಗದಲ್ಲಿ ಹರಳೆಣ್ಣೆ ದೀಪ ಹಚ್ಚಿ ಹನ್ನೊಂದನೇ ದಿನದ ತನಕ ಆರದ ಹಾಗೆ ನೋಡಿಕೊಳ್ಳಬೇಕು. ನಾನು ಹಚ್ಚಲು ಬಿಟ್ಟಿಲ್ಲ. ಪಕ್ಕದ ಕಣಜದ ಕೋಣೆಯಲ್ಲಿ ಸ್ಪಿರಿಟ್ ಡಬ್ಬಗಳಿವೆ, ನಡುವೆ ಬಾಗಿಲೂ ಇಲ್ಲ, ಒಂದು ಪರದೆ ಅಷ್ಟೆ.

“ನನ್ ಮಗ ಕತ್ಲಾಗೆ ದಾರಿ ತಡಕ್ತಾವ್ನೆ. ನೀನು ಡಬ್ಬ ಕಾಯ್ಕೊಂಡು ಕುಂತಿದ್ದೀಯ” ಅಂದರು ಅತ್ತೆ.

“ಹಚ್ಚಬ್ಯಾಡ ಅಂತ ನಿಮ್ ಮಗನೇ ಹೇಳವ್ರೆ” ಅಂದೆ.

“ಬದುಕಿದ್ದೋನು ಹೇಳಿದ್ದು ಅದು” ಅಂದರು.

ಆದರೂ ಬೆಂಕಿಪೊಟ್ಟಣವನ್ನು ಮಾತ್ರ ಕೊಡಲಿಲ್ಲ.

ಮಾರ್ಚ್ 13

ನಿದ್ದೆ ಇಲ್ಲ. ಹಸಿವೂ ಇಲ್ಲ. ಬೆಳಗ್ಗೆ ಎದ್ದು ಡಬ್ಬಗಳನ್ನು ನೋಡಿದೆ. ನಾಲ್ಕೂ ನೆಟ್ಟಗಿವೆ. ಸುತ್ತಿದ ಗೋಣಿಗೆ ನೀರು ಚಿಮುಕಿಸಿದೆ.

ಇದೇನು ಹುಚ್ಚು ಅಂತ ನನಗೇ ಅನ್ನಿಸಿತು. ಈ ಡಬ್ಬಗಳು ಬಂದ ದಿನ ನಾನು ಮಾಡಿದ ಜಗಳ ಅಷ್ಟಿಷ್ಟಲ್ಲ. ಯುದ್ಧದಲ್ಲಿ ಮಿಲಿಟರಿ ಲಾರಿ ರಿಪೇರಿ ಮಾಡಿ ಬಂದ ಮನುಷ್ಯ ಹೊಸೂರಿನ ಬಸ್ ಶೆಡ್ಡಿನಲ್ಲಿ ಸುಮ್ಮನೆ ಕೆಲಸ ಮಾಡಿಕೊಂಡಿರಬಾರದೇ? ಬಚ್ಚಪ್ಪ ಅಂತ ಮಿಲಿಟರಿ ಗೆಳೆಯ, ಆನೇಕಲ್ಲಿನವನು. ಇಬ್ಬರೂ ಸೇರಿ ಬೆಂಗಳೂರಿನ ಪಂದ್ಯದ ಹುಚ್ಚು ಹಚ್ಚಿಕೊಂಡರು. ಪಂದ್ಯದ ಇಂಜಿನ್ನು ಬಲು ಬೇಗ ಕಾಯುತ್ತದಂತೆ, ಅದನ್ನು ತಣ್ಣಗಿಡಲು ಪೆಟ್ರೋಲಿಗಿಂತ ಮರದಿಂದ ಬಟ್ಟಿ ಇಳಿಸಿದ ಸ್ಪಿರಿಟ್ಟೇ ಒಳ್ಳೆಯದಂತೆ. ಭದ್ರಾವತಿ ಕಡೆಯಿಂದ ತರಿಸಿದರು. ತರಿಸಿ ಇಡುವುದೆಲ್ಲಿ? ನನ್ನ ಕಣಜದ ಕೋಣೆಯಲ್ಲಿ. ಮನೆಯಲ್ಲೇ ತಣ್ಣನೆಯ ಕೋಣೆ ಅದು. ರಾಗಿ ಹೊರಗೆ ಬಂತು, ಒಲೆ ಹಿತ್ತಲ ಚಪ್ಪರಕ್ಕೆ ಹೋಯಿತು, ಲಾಂದ್ರ ಜಗಲಿಗೆ ಹೋಯಿತು, ಬೆಂಕಿಪೊಟ್ಟಣ ಒಗೆಯುವ ಕಲ್ಲಿನ ಹತ್ತಿರದ ಗೂಡಿಗೆ ಹೋಯಿತು. ನಾನೂ ಹೋಗಿಬಿಡುತ್ತೇನೆ ಅಂದಿದ್ದೆ.

ಅವರು ನಕ್ಕು ಪಾಠ ಹೇಳಿದ್ದರು. ಡಬ್ಬ ಕಂಠಮಟ್ಟ ತುಂಬಬಾರದು, ಬಿಸಿಲಿಗೆ ಹಿಗ್ಗಲು ಜಾಗ ಬೇಕು. ಮುಚ್ಚಳ ಸಡಿಲ ಬಿಡಬಾರದು, ಸ್ಪಿರಿಟ್ಟು ಗಾಳಿಯಲ್ಲಿರುವ ತೇವವನ್ನೆಲ್ಲ ಕುಡಿದು ನೀರಾಗುತ್ತದೆ, ಆಮೇಲೆ ಇಂಜಿನ್ನು ಕೆಮ್ಮುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಹಾಕಬಾರದು. ಪೆಟ್ರೋಲಿಗೆ ಬೆಂಕಿ ಬಿದ್ದರೆ ಮರಳು, ಇದಕ್ಕಾದರೆ ನೀರು. ಒಂದು ಕೊಡ ನೀರು ಪರದೆಯ ಪಕ್ಕ ಯಾವಾಗಲೂ ಇರಬೇಕು.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಹಣತೆಗೆ ಸ್ವಲ್ಪ ಸುರಿದು ಕಡ್ಡಿ ಗೀರಿದರು. ಏನೂ ಹತ್ತಲಿಲ್ಲ. “ಹತ್ತಲೇ ಇಲ್ವಲ್ಲ” ಅಂದೆ. “ಹತ್ತೈತೆ. ಬಿಸ್ಲಾಗೆ ಇದರ ಉರಿ ಕಣ್ಣಿಗೆ ಕಾಣಲ್ಲ ಕಣೆ” ಅಂದರು. ನನ್ನ ಉಪ್ಪಿನ ಮರಿಗೆಯಿಂದ ಒಂದು ಚಿಟಿಕೆ ಪುಡಿಯುಪ್ಪು ತಂದು ಎರಚಿದರು. ಭಗ್ಗನೆ ಹಳದಿ ಉರಿ ಕಂಡಿತು. ನಾನು ಹಾರಿ ಹಿಂದೆ ಸರಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾರ್ಚ್ 15

ಬಸ್ ಕಂಪನಿಯ ಮ್ಯಾನೇಜರು ಬಂದಿದ್ದರು. ‘ನಲ್ಲ ಮನುಷನ್, ರೊಂಬ ನಲ್ಲ ಮನುಷನ್’ ಅಂತ ತಮಿಳಿನಲ್ಲಿ ಎರಡು ಸಲ ಹೇಳಿದರು. ಒಳ್ಳೆಯ ಮನುಷ್ಯನ ಡಬ್ಬಗಳನ್ನು ನಿಮ್ಮ ಶೆಡ್ಡಿನಲ್ಲಿ ಇಟ್ಟುಕೊಳ್ಳಿ ಅಂದೆ. ಹೌಹಾರಿದರು. ಪಾನನಿಷೇಧದ ಜಿಲ್ಲೆಯಮ್ಮಾ ಇದು, ಸ್ಪಿರಿಟ್ ಅಂದರೆ ಪೊಲೀಸರು ನಮ್ಮ ಕಂಪನಿಗೇ ಬೀಗ ಹಾಕುತ್ತಾರೆ ಅಂದರು. ಹಿತ್ತಲಲ್ಲಿಡೋಣ ಅಂದರೆ ನೆತ್ತಿ ಸುಡುವ ಬಿಸಿಲು, ಗೋಡೆಯಾಚೆ ಪಕ್ಕದ ಮನೆಯವರ ಬಣವೆ. ಬಚ್ಚಪ್ಪನೇ ಬಂದು ತೆಗೆದುಕೊಂಡು ಹೋಗಬೇಕು. ಗಾಡಿ ಗೊತ್ತು ಮಾಡಿಕೊಂಡು ಬರುತ್ತೇನೆ ಅಂತ ಹೇಳಿಕಳಿಸಿದ್ದಾನೆ.

ಸಾರಿಗೆ ಉಪ್ಪು ಹಾಕುವುದು ಮರೆತಿದ್ದೆ. ಅತ್ತೆ ಹೇಳಿದ ಮೇಲೆ ತಿಳಿಯಿತು.

ಮಾರ್ಚ್ 16

ಮೈದುನ ಶ್ಯಾಮಣ್ಣ ಬಂದ. ಮೊದಲು ಅಣ್ಣನನ್ನು ನೆನೆದು ಅತ್ತ, ಆಮೇಲೆ ಪರದೆಯ ಕಡೆ ಕಣ್ಣು ಹಾಯಿಸಿದ.

“ಅತ್ತಿಗೆ, ಒಂದು ಸೀಸೆ ಕೊಡಿ. ಇಲ್ಲಿ ತೊಟ್ಟೂ ಸಿಗಲ್ಲ, ಒಂದೊಂದು ಸಲಾನೂ ಅತ್ತಿಬೆಲೆ ದಾಟಿ ಹೋಗಿ ಕುಡ್ದು ಬರೋದು ಯಾವ ಕರ್ಮ.”

“ಅದು ಇಂಜಿನ್ನು ಕುಡಿಯೋದು. ಮನುಷ್ಯರು ಕುಡಿದ್ರೆ ಕಣ್ಣು ಹೋಯ್ತದೆ, ಆಮೇಲೆ ಜೀವಾನೂ ಹೋಯ್ತದೆ.”

“ಕುಡಿಯೋದಲ್ದಿದ್ರೆ ಯಾಕೆ ಹಂಗೆ ಬಚ್ಚಿಟ್ಟವ್ರೆ? ಡಬ್ಬದ ಮೇಲೆ ಸುಳ್ಳು ಯಾಕೆ ಬರ್ದವ್ರೆ?”

ಸುಳ್ಳು ಬರೆದಿರುವುದು ನಿಜವೇ. ಅತ್ತಿಬೆಲೆ ಗಡಿಯಿಂದ ಈಚೆಗೆ ತರುವಾಗ ಚೌಕಿಯವರು ಹಿಡಿಯಬಾರದೆಂದು ಡಬ್ಬಗಳ ಮೇಲೆ ತಮಿಳಿನಲ್ಲಿ ‘ವಿಳಕ್ಕೆಣ್ಣೈ’ ಅಂತ ಬಣ್ಣದಲ್ಲಿ ಬರೆದಿದ್ದಾರೆ. ತಮಿಳರು ಹರಳೆಣ್ಣೆಗೆ ಹಾಗನ್ನುತ್ತಾರೆ. ಹೊರಗೆಲ್ಲ ಹರಳೆಣ್ಣೆ ಸವರಿದ್ದೂ ಉಂಟು, ಮೂಸಿ ನೋಡಿದರೂ ಗೊತ್ತಾಗಬಾರದೆಂದು. ಶ್ಯಾಮಣ್ಣ ಅದನ್ನು ಗಟ್ಟಿಯಾಗಿ ಓದಿ ಹೇಳಿ ನಕ್ಕ. ಅವನು ಓದುವ ಹೊತ್ತಿಗೆ ಅತ್ತೆ ಹಿತ್ತಲಿಂದ ಬಂದು ಗೋಡೆಗೊರಗಿ ಕೂತಿದ್ದರು.

ಅವನು ಹೋದ ಮೇಲೆ ಹುಣಸೆಹಣ್ಣಿನ ಕುಕ್ಕೆ ತಂದು ಪರದೆಗೆ ಅಡ್ಡ ಕೂತೆ. ಬೀಜ ಬಿಡಿಸಿದೆ. ನಾಳೆಯೂ ಇಲ್ಲೇ ಕೂರುತ್ತೇನೆ. ಹುಣಸೆಹಣ್ಣು ಬೇಕಾದಷ್ಟಿದೆ.

ಮಾರ್ಚ್ 19

ಹನ್ನೊಂದನೇ ದಿನ. ಬಳೆ ಒಡೆದರು. ಹೆಂಗಸರು ಸುತ್ತ ಕೂತು ಹಾಡಿ ಅತ್ತರು. ಬಳೆಚೂರು ಅಂಗೈಗೆ ಚುಚ್ಚಿತು. ರಕ್ತ ನೋಡಿದ ಮೇಲೆ ಚುಚ್ಚಿದ್ದು ಗೊತ್ತಾಯಿತು.

ದೀಪವಿಲ್ಲದ ತಿಥಿ ಅಂತ ಎಲ್ಲರೂ ಅಂದರು. ಜಗಲಿಯಲ್ಲಿ ಹಚ್ಚಿಸಿದೆ. ಅದು ಲೆಕ್ಕಕ್ಕಿಲ್ಲವಂತೆ. ‘ಗಂಡನಿಗೆ ಒಂದು ದೀಪ ಇಡದ ಹೆಂಗಸು’ ಅಂತ ಅತ್ತೆಯ ತಂಗಿ ನನಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದಳು. ಕೇಳಿಸಿತು.

ಮಾರ್ಚ್ 20

ಗೋಣಿಗೆ ನೀರು ಹಾಕಿದೆ. ಬೇರೇನೂ ಇಲ್ಲ.

ಮಾರ್ಚ್ 24

ಇವತ್ತಿನದನ್ನು ಬರೆಯಬೇಕು.

ನಡುಮಧ್ಯಾಹ್ನ. ನಾನು ಚಪ್ಪರದಲ್ಲಿ ಮುದ್ದೆಗೆ ಎಸರಿಟ್ಟಿದ್ದೆ. ಅತ್ತೆ ಗೋಡೆ ಸವರಿಕೊಂಡು ಒಗೆಯುವ ಕಲ್ಲಿನ ಕಡೆಗೆ ಬಂದರು. ಪೊರೆ ಬಂದ ಕಣ್ಣು, ನೀರಿಗೆ ಬಂದಿರಬೇಕು ಅಂದುಕೊಂಡೆ. ತಿರುಗಿ ನೋಡಲೂ ಇಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಡ್ಡಿ ಗೀರಿದ ಸದ್ದು ಬಂತು. ಈ ಮನೆಯೊಳಗೆ ಆ ಸದ್ದು ಕೇಳಿ ಎಷ್ಟೋ ಕಾಲವಾಗಿತ್ತು. ಹಿಟ್ಟಿನ ಕೋಲು ಅಲ್ಲೇ ಬಿಟ್ಟು ಓಡಿದೆ.

ಅತ್ತೆ ಬೆಳಕಿಂಡಿಯ ಬಿಸಿಲಿನಲ್ಲಿ, ಮಗನ ಜೀವ ಹೋದ ಜಾಗದಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದರು. ಮುಂದೆ ಹಣತೆ. ಪರದೆ ಸರಿಸಿತ್ತು, ಒಂದು ಡಬ್ಬದ ಮುಚ್ಚಳ ತೆಗೆದಿತ್ತು. ಬತ್ತಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಹತ್ತಲಿಲ್ಲವೆಂದು ಅವರು ಎರಡನೇ ಕಡ್ಡಿ ತೆಗೆಯುತ್ತಿದ್ದರು.

ಆಮೇಲೆ ಅವರ ಸೆರಗಿನ ಅಂಚು ನೋಡಿದೆ. ಹಣತೆಯ ಮೇಲೆ ಜೋತಿದ್ದ ಅಂಚು ಕಂದಾಗಿ, ಕರ್ರಗಾಗಿ, ತಾನೇ ತಾನಾಗಿ ಮುದುರಿಕೊಳ್ಳುತ್ತಿತ್ತು. ಉರಿ ಇಲ್ಲ, ಹೊಗೆ ಇಲ್ಲ. ಬಟ್ಟೆ ಮಾತ್ರ ಇಲ್ಲವಾಗುತ್ತಿತ್ತು.

ಕೊಡ ಎತ್ತಿ ಪೂರ್ತಿ ಅವರ ಮೈಮೇಲೆ ಸುರಿದೆ. ಹಣತೆಯನ್ನು ಕಾಲಿನಿಂದ ಒದೆಯಲು ಹೋದವಳು ತಡೆದೆ, ಚೆಲ್ಲಿದರೆ ಹರಡುತ್ತದೆ ಅಂತ ಯಜಮಾನರು ಹೇಳಿದ್ದು ಕಿವಿಯಲ್ಲೇ ಇತ್ತು. ನೆನೆದ ಗೋಣಿ ಎಳೆದು ಹಣತೆಯ ಮೇಲೆ ಹಾಕಿದೆ. ಒಳಗೆ ಹೋಗಿ ಮುಚ್ಚಳ ತಿರುಗಿಸಿದೆ. ಪುನಃ ಒಂದು ಕೊಡ ತಂದು ನೆಲಕ್ಕೆಲ್ಲ ಹೊಯ್ದೆ.

“ಅಯ್ಯೋ ನಿನ್ ಮನೆ ಹಾಳಾಗ! ಬದುಕಿರೋವಾಗ್ಲೇ ನಂಗೂ ಹೆಣದ ಸ್ನಾನ ಮಾಡಿಸ್ತೀಯಾ?” ಅಂತ ಅತ್ತೆ ಕೂಗಿದರು.

“ನಮ್ ಮನೇನೇ ಹಾಳಾಗ್ತಿತ್ತು ಅತ್ತೆ! ಯಾಕ್ ಮುಟ್ಟಿದ್ರಿ ಅದನ್ನ?”

“ದೀಪದೆಣ್ಣೆ ಅಂತ ಬರ್ದೈತಲ್ಲ! ಶ್ಯಾಮ ಓದಿ ಹೇಳ್ನಲ್ಲ, ವಿಳಕ್ಕು ಅಂದ್ರೆ ದೀಪ ಅಂತ ನಂಗೆ ಗೊತ್ತಿಲ್ವಾ? ಮೂಸಿದ್ರೆ ಹರಳೆಣ್ಣೆ ವಾಸ್ನೆ. ನನ್ ಮಗ ದೀಪಕ್ಕೇಂತ ಅಷ್ಟೊಂದು ಎಣ್ಣೆ ತಂದಿಟ್ಟವ್ನೆ, ನೀನು ಒಂದು ತೊಟ್ಟು ಸುಡಾಕೆ ಬಿಡ್ಲಿಲ್ಲ ಅಂತ...”

ಒದ್ದೆ ನೆಲದಲ್ಲಿ ಕೂತೇ ಎಲ್ಲ ಹೇಳಿದೆ. ಚೌಕಿಯ ಕಥೆ, ಸುಳ್ಳು ಬರೆದ ಕಥೆ, ಬಿಸಿಲಿನಲ್ಲಿ ಕಾಣದ ಉರಿಯ ಕಥೆ. ಈ ಮನೆಗೆ ಸೊಸೆಯಾಗಿ ಬಂದು ಏಳು ವರ್ಷ, ಅಷ್ಟು ಹೊತ್ತು ಆಯಮ್ಮನ ಜೊತೆ ಎಂದೂ ಮಾತಾಡಿರಲಿಲ್ಲ. ಅವರು ಎಲ್ಲ ಕೇಳಿ ಒಂದೇ ಮಾತು ಕೇಳಿದರು.

“ಪೊಲೀಸ್ರಿಗೆ ಸುಳ್ಳು ಹೇಳ್ದ, ಸರಿ. ನಂಗ್ಯಾಕೆ ಹೇಳ್ಲಿಲ್ಲ?”

ಅತ್ತೆಗೆ ಹೇಳುವ ಕೆಲಸ ನನ್ನದು ಅಂತ ಯಜಮಾನರು ಬಿಟ್ಟಿದ್ದರೇನೋ. ನಾನು ಬರೀ ‘ಹಚ್ಚಬೇಡಿ’ ಅಂದಿದ್ದೆ. ಯಾಕೆ ಅಂತ ಹೇಳಿರಲಿಲ್ಲ.

ಸೀರೆ ಬದಲಾಯಿಸಿ, ಅವರ ಬೆರಳಿಗೆ ಬೆಣ್ಣೆ ಸವರಿದೆ. ಎರಡು ಬೊಬ್ಬೆ ಬಂದಿವೆ. ಮುದ್ದೆ ತಳ ಹಿಡಿದಿತ್ತು. ಅದನ್ನೇ ಇಬ್ಬರೂ ಉಂಡೆವು.

ಮಾರ್ಚ್ 25

ಬೆರಳು ಊದಿದೆ. ನಾನೇ ತುತ್ತು ಮಾಡಿ ಕೊಟ್ಟೆ.

ಮಾರ್ಚ್ 30

ಯುಗಾದಿ. ಸೂತಕದ ಮನೆಗೆ ಏನು ಯುಗಾದಿ? ಊರೆಲ್ಲ ಎಣ್ಣೆಸ್ನಾನ. ಬೀದಿಯ ತುಂಬ ಹರಳೆಣ್ಣೆ, ಸೀಗೆಪುಡಿ ವಾಸನೆ. ಪಂದ್ಯದ ಇಂಜಿನ್ನಿಗೂ ಅವರು ಹರಳೆಣ್ಣೆ ಹಾಕುತ್ತಿದ್ದರು. ಬೆಂಗಳೂರಿನಿಂದ ಬಂದಾಗ ಅಂಗಿಯೆಲ್ಲ ಸುಟ್ಟ ಹರಳೆಣ್ಣೆ ನಾರುತ್ತಿತ್ತು, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಒಂದು ಅಂಗಿ ಒಗೆಯದೆ ಪೆಟ್ಟಿಗೆಯಲ್ಲಿದೆ. ಒಗೆಯಬೇಕು. ಇವತ್ತು ಬೇಡ.

ಉದ್ದನಪಲ್ಲಿಯಿಂದ ನಮ್ಮಣ್ಣ ಕೊಂಡಪ್ಪ ಗಾಡಿ ಕಟ್ಟಿಕೊಂಡು ಬಂದಿದ್ದ.

“ಗಂಗರತ್ನ, ಬಟ್ಟೆ ಗಂಟು ಕಟ್ಟಮ್ಮ. ಇಲ್ಲಿ ಇನ್ನೇನೈತೆ ನಿಂಗೆ?”

“ಡಬ್ಬಗಳಿವೆಯಲ್ಲಣ್ಣ. ಅವು ಹೋಗೋ ತನ್ಕ ಬರಾಕಾಗಲ್ಲ.”

“ಡಬ್ಬ ಹೋದ್ ಮೇಲೆ ಬರ್ತೀಯ?”

“ಬತ್ತೀನಿ” ಅಂದೆ. ಅತ್ತೆ ಹಿತ್ತಲಿಗೆ ಎದ್ದುಹೋದರು.

ಸಂಜೆ ಶ್ಯಾಮಣ್ಣ ಹಬ್ಬದ ನೆಪ ಹೇಳಿಕೊಂಡು ಇನ್ನಿಬ್ಬರನ್ನು ಕರೆದುಕೊಂಡು ಬಂದ. ಕೈಯಲ್ಲಿ ಸೀಸೆ ಬೇರೆ. ನಾನು ಏಳುವಷ್ಟರಲ್ಲಿ ಅತ್ತೆ ಒನಕೆ ಹಿಡಿದು ಪರದೆಗೆ ಅಡ್ಡ ನಿಂತಿದ್ದರು.

“ಕುಡಿದ್ರೆ ಕಣ್ಣೋಯ್ತದೆ ಕಣ್ಲಾ! ನನ್ ಕಣ್ಣು ನೋಡ್ಲಾ, ಚೆಂದಾಗೈತಾ? ಒಬ್ಬ ಮಗನ್ನ ಕಳ್ಕೊಂಡಿದ್ದೀನಿ, ಇನ್ನೊಬ್ಬ ಮಗನ್ನ ಕುರುಡ್ನಾಗಿ ನೋಡ್ಲಾ? ಒಂದ್ ಹೆಜ್ಜೆ ಮುಂದಿಟ್ಟು ನೋಡು, ಕಾಲ್ ಮುರೀತೀನಿ!”

ಒನಕೆ ಹಿಡಿದದ್ದು ಅವನ ಕಡೆಗಲ್ಲ, ಅವನ ಪಕ್ಕದ ಕಂಬದ ಕಡೆಗೆ. ಆದರೂ ಮೂವರೂ ಹೋದರು. ಅತ್ತೆ ಕೂತು ಸುಧಾರಿಸಿಕೊಳ್ಳುತ್ತಾ “ಹೋದ್ರಾ?” ಅಂತ ಕೇಳಿದರು. ಹೋದರು ಅಂದೆ. ನಗು ಬಂತು, ನುಂಗಿಕೊಂಡೆ. ಆಮೇಲೆ ನೋಡಿದರೆ ಅವರೂ ನುಂಗಿಕೊಳ್ಳುತ್ತಿದ್ದರು.

ಏಪ್ರಿಲ್ 2

ವಿಪರೀತ ಬಿಸಿಲು. ಗೋಣಿಗೆ ದಿನಕ್ಕೆ ಮೂರು ಸಲ ನೀರು ಬೇಕಾಗುತ್ತಿದೆ. ಮಧ್ಯಾಹ್ನದ್ದನ್ನು ಅತ್ತೆಯೇ ಹಾಕುತ್ತಾರೆ. ಮೂಸಿ ನೋಡಿ ‘ಮುಚ್ಚಳ ಬಿಗಿಯಾಗೈತೆ’ ಅನ್ನುತ್ತಾರೆ. ಕಣ್ಣಿಲ್ಲದವರಿಗೆ ಮೂಗು ಚುರುಕು. ಹೊರಗೆ ಸವರಿದ್ದ ಹರಳೆಣ್ಣೆಯನ್ನು ಇಬ್ಬರೂ ಸೇರಿ ಬೂದಿ ಹಾಕಿ ಉಜ್ಜಿ ತೆಗೆದೆವು. ಬರೆದ ಅಕ್ಷರ ಮಾತ್ರ ಹೋಗಲಿಲ್ಲ.

ಏಪ್ರಿಲ್ 6

ಬಚ್ಚಪ್ಪ ಬೆಳಗಿನ ತಂಪಿನಲ್ಲೇ ಗಾಡಿ ತಂದ. ಮುಂದಿನ ವಾರ ಪಂದ್ಯವಂತೆ. ಕಣಜದ ಕೋಣೆ ನೋಡಿ ಪರದೆಯ ಹತ್ತಿರವೇ ನಿಂತ. ಒಂದು ಡಬ್ಬದ ಮುಚ್ಚಳ ತೆಗೆದು ಮೂಸಿದ, ಬೆರಳ ತುದಿಗೆ ಒಂದು ತೊಟ್ಟು ಹಾಕಿ ಊದಿ ನೋಡಿದ.

“ಒಂದು ತೊಟ್ಟು ನೀರು ಸೇರಿಲ್ಲ ಅಕ್ಕ. ಆವುಲಣ್ಣ ಇದ್ದಿದ್ರೂ ಹಿಂಗೇ ಇಟ್ಟಿರ್ತಿದ್ರು.”

ನಮ್ಮ ಯಜಮಾನರ ಹೆಸರು ಕಿವಿಗೆ ಬಿದ್ದು ಎಷ್ಟೋ ದಿನವಾಗಿತ್ತು. ಒಳಗೆ ಹೋಗಿ ಸುಮ್ಮನೆ ನೀರು ಕುಡಿದು ಬಂದೆ.

ಡಬ್ಬಗಳನ್ನು ಏರಿಸಿ ಒದ್ದೆ ಹುಲ್ಲು ಮುಚ್ಚಿ ಹೊರಡುವಾಗ ಅತ್ತೆ ಅವನ ತೋಳು ಹಿಡಿದರು. “ನಂಗೊಂದು ಲೋಟ ಕೊಟ್ಟೋಗಪ್ಪ.”

ಬಚ್ಚಪ್ಪ ಗಾಬರಿಯಿಂದ ನನ್ನ ಮುಖ ನೋಡಿದ. “ಅಮ್ಮಾ, ಅದು ಕುಡಿಯೋದಲ್ಲ...”

“ಗೊತ್ತು ಕಣ್ಲಾ! ಊರಿಗೆಲ್ಲ ಹೇಳಿದೋಳೇ ನಾನು” ಅಂತ ಗದರಿಸಿದರು. ಆಮೇಲೆ ಮೆತ್ತಗೆ, “ಅವ್ನ್ ತಂದಿದ್ ಎಣ್ಣೇಲಿ ಅವ್ನಿಗೊಂದು ದೀಪ” ಅಂದರು.

ಅವನು ಬೇಡ ಅಂದಾನೆಂದುಕೊಂಡೆ. ಅನ್ನಲಿಲ್ಲ. ಚಿಕ್ಕ ಗಾಜಿನ ಸೀಸೆಗೆ ತುಂಬಿಸಿ, ಬಿರಡೆ ಬಿಗಿದು, ನನ್ನ ಕೈಗೆ ಕೊಟ್ಟ. ಗಾಡಿ ಬೆಂಗಳೂರು ರಸ್ತೆ ಹಿಡಿಯುವ ತನಕ ಇಬ್ಬರೂ ಬೀದಿಯಲ್ಲಿ ನಿಂತಿದ್ದೆವು.

ಕಣಜದ ಕೋಣೆ ಖಾಲಿಯಾಗಿದೆ. ನೆಲದ ಮೇಲೆ ನಾಲ್ಕು ಚೌಕ ಗುರುತು ಉಳಿದಿವೆ. ಸಂಜೆ ಗೋಣಿಗೆ ನೀರು ಹಾಕಲು ಎದ್ದೆ. ಕೊಡ ಎತ್ತಿದ ಮೇಲೆ ನೆನಪಾಯಿತು.

ಏಪ್ರಿಲ್ 7

ಮಧ್ಯಾಹ್ನ ಅತ್ತೆ ಮಡಿಸೀರೆ ಉಟ್ಟು ಬಂದು ಕೂತರು. ಬೆಳಕಿಂಡಿಯ ಬಿಸಿಲು ಆ ಜಾಗಕ್ಕೆ ಬಂದಿತ್ತು. ಹಣತೆಯನ್ನು ಕಲ್ಲುಚಪ್ಪಡಿಯ ಮೇಲಿಟ್ಟೆ. ಪಕ್ಕದಲ್ಲಿ ಕೊಡ ನೀರು. ಸ್ವಲ್ಪವೇ ಸುರಿದು, ಸೀಸೆಗೆ ಬಿರಡೆ ಹಾಕಿ ದೂರ ಹೊರಗಿಟ್ಟು ಬಂದೆ. ಇಬ್ಬರ ಸೆರಗನ್ನೂ ಸೊಂಟಕ್ಕೆ ಬಿಗಿದೆ. ಎಲ್ಲ ಯಜಮಾನರು ಹೇಳಿಕೊಟ್ಟ ಹಾಗೇ. ಕಡ್ಡಿ ಗೀರಿ ಬತ್ತಿಗೆ ತಾಗಿಸಿದೆ.

“ಹಚ್ಚಿದ್ಯಾ?”

“ಹಚ್ಚಿದೆ ಅತ್ತೆ.”

“ನಂಗೆ ಕಾಣಾಕಿಲ್ಲ.”

“ನಂಗೂ ಕಾಣಾಕಿಲ್ಲ.”

ಅವರ ಕೈ ಹಿಡಿದು, ಸುಡದಷ್ಟು ಮೇಲೆ, ಹಣತೆಯ ನೇರಕ್ಕೆ ತಂದೆ. ಬೊಬ್ಬೆ ವಾಸಿಯಾದ ಬೆರಳುಗಳು. ಅವರ ಕೈಯ ಕೆಳಗೆ ನನ್ನ ಕೈ. ಬಿಸಿ ಮೊದಲು ನನಗೆ ತಾಗಿತು, ಆಮೇಲೆ ಅವರಿಗೆ.

“ಅವ್ನೆ” ಅಂದರು ಅತ್ತೆ. “ಇಲ್ಲೇ ಅವ್ನೆ ಕಣೆ ರತ್ನಾ.”

ಏಳು ವರ್ಷದಲ್ಲಿ ನನ್ನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು. ನಾನು ಎದ್ದು ಚಪ್ಪರಕ್ಕೆ ಹೋಗಿ ಉಪ್ಪಿನ ಮರಿಗೆಯಿಂದ ಒಂದು ಚಿಟಿಕೆ ತಂದೆ. ಎರಚಿದೆ. ಭಗ್ಗನೆ ಹಳದಿ ಉರಿ ಎದ್ದಿತು.

“ಕಾಣ್ತು! ಕಾಣ್ತು ಕಣೆ!” ಅಂತ ಅತ್ತೆ ಕೂಗಿದರು. “ನೋಡ್ದಾ? ಹೊಳೀತಲ್ಲ, ನೋಡ್ದಾ?”

ನನಗೆ ಕಾಣಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಆ ಮನುಷ್ಯ ಎದುರಿಗೆ ಬಂದ ಹಾಗಾಯಿತು. ಕಣ್ಣು ತುಂಬಿ ಏನೂ ಕಾಣಲಿಲ್ಲ. ಜೋರಾಗಿ ಅತ್ತುಬಿಟ್ಟೆ. ಅಕ್ಕಪಕ್ಕದವರು ಓಡಿಬಂದು ಏನಾಯಿತು ಏನಾಯಿತು ಅಂತ ಕೇಳಿದರು. ಈಗ ಯಾಕೆ ಅಳುತ್ತಿದ್ದಾಳೆ ಅಂತ ಅವರಿಗೆ ತಿಳಿಯಲಿಲ್ಲ. ಅತ್ತೆ ಮಾತ್ರ ದೀಪ ತಾನಾಗಿ ಮುಗಿಯುವ ತನಕ ನನ್ನ ಕೈ ಬಿಡಲಿಲ್ಲ.

ಏಪ್ರಿಲ್ 10

ಒಲೆ ಒಳಗೆ ಬಂತು. ರಾಗಿ ಕಣಜದ ಕೋಣೆಗೆ ಹೋಯಿತು. ಬೆಂಕಿಪೊಟ್ಟಣವನ್ನು ಮಾತ್ರ ಯಾಕೋ ಇನ್ನೂ ಹೊರಗಿನ ಗೂಡಿನಲ್ಲೇ ಇಡುತ್ತೇನೆ.

ಅಣ್ಣ ಗಾಡಿ ತಂದಿದ್ದ. ಡಬ್ಬ ಹೋಯಿತಲ್ಲ, ಹೊರಡು ಅಂದ. ಹುಣಸೆಹಣ್ಣು ಇನ್ನೂ ಬಿಡಿಸಬೇಕು, ಮುಗಿಯಲಿ ಅಂದೆ. ಕುಕ್ಕೆ ಇಣುಕಿ ನೋಡಿದ. ಖಾಲಿಯಿತ್ತು. ಒಂದು ಲೋಟ ಮಜ್ಜಿಗೆ ಕುಡಿದು ಬರೀ ಗಾಡಿ ಹೊಡೆದುಕೊಂಡು ಹೋದ.

ಇವತ್ತು ಸಾರಿಗೆ ಉಪ್ಪು ಸರಿಯಾಗಿದೆ ಅಂದರು ಅತ್ತೆ.